ನಡುಕ ಹಿಡಿತಕ್ಕೆ ಬಂತು, ಉತ್ತರ ಯಾಕೆ ತಡ?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಪಾರ್ಕಿನ್ಸನ್ ಕಾಯಿಲೆ ಇದ್ದವರ ಯೋಚನೆ ಮತ್ತು ನೆನಪು. ಫಿಟ್ಸ್, ಮೈಗ್ರೇನ್ ಬಗ್ಗೆ ಬರೆದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ. ಆ ತಾಯಿ ಕೇಳಿದ್ದನ್ನೇ ಈ ಊರಿನ ಎಷ್ಟೋ ಮನೆಗಳಲ್ಲಿ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದಾರೆ ಅಂತ ನನಗೆ ಗೊತ್ತು.

ಪ್ರಶ್ನೆ: ನಮ್ಮ ಯಜಮಾನರಿಗೆ 71 ವರ್ಷ. ಗಣಿತದ ಮೇಷ್ಟ್ರಾಗಿದ್ದವರು. ಪಾರ್ಕಿನ್ಸನ್ ಶುರುವಾಗಿ 7 ವರ್ಷ ಆಯಿತು. ಮಾತ್ರೆಯಿಂದ ನಡುಕ ಈಗ ಎಷ್ಟೋ ಕಡಿಮೆ. ಆದರೆ ಒಂದು ವರ್ಷದಿಂದ ಬೇರೆ ತೊಂದರೆ. ಏನಾದರೂ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ. ನಾನು ಅಡುಗೆಮನೆಗೆ ಹೋದ ಮೇಲೆ ಹಿಂದಿನಿಂದ ಉತ್ತರ ಬರುತ್ತೆ. ಬೆಳಗಿನ ಕಾಫಿ ಮದುವೆಯಾದಾಗಿನಿಂದ ಅವರದೇ. ಈಗ ಫಿಲ್ಟರಿಗೆ ಪುಡಿ ಹಾಕಿ, ಮುಂದೇನು ಅಂತ ತೋಚದೆ ನಿಂತುಬಿಡುತ್ತಾರೆ. ಗಾಂಧಿ ಬಜಾರಿನಲ್ಲಿ ಹೂವಿನವಳಿಗೆ ಚಿಲ್ಲರೆ ಕೊಡುವಾಗ ಲೆಕ್ಕ ತಪ್ಪಿ, ನನ್ನ ಮುಖ ನೋಡಿದರು. ಎರಡು ಸಲ ರಾತ್ರಿ ‘ಬೀರು ಪಕ್ಕ ಒಂದು ಮಗು ಕೂತಿದೆ’ ಅಂದರು. ಒಂದು ಕಡೆ ಇಇಜಿ ಮಾಡಿಸಿದೆವು. ಮೆದುಳಿನ ಅಲೆಗಳು ನಿಧಾನವಾಗಿವೆ ಅಂತ ರಿಪೋರ್ಟಿನಲ್ಲಿದೆ. ಕೇಳಿದರೆ ‘ವಯಸ್ಸಾಯ್ತಲ್ಲಮ್ಮ’ ಅಂದು ಕಳಿಸಿದರು. ಅಲೆ ನಿಧಾನ ಅಂದರೆ ಏನು ಡಾಕ್ಟ್ರೇ? ಅವರ ಬುದ್ಧಿ ಹೋಗ್ತಾ ಇದೆಯಾ?
ಓದುಗರು, ಹನುಮಂತನಗರ

ಉತ್ತರ: ಅಮ್ಮ, ನಿಮ್ಮ ಪತ್ರದ ಒಂದು ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ‘ನಾನು ಅಡುಗೆಮನೆಗೆ ಹೋದ ಮೇಲೆ ಹಿಂದಿನಿಂದ ಉತ್ತರ ಬರುತ್ತೆ.’ ಬರುತ್ತದೆ, ಅಲ್ವಾ? ಮುಕ್ಕಾಲು ಪಾಲು ಅದು ಸರಿಯಾದ ಉತ್ತರವೇ ಇರುತ್ತದೆ ಅಂತ ನನ್ನ ಊಹೆ. ಅವರಿಗೆ ಗೊತ್ತಿದೆ. ಗೊತ್ತಿರುವುದು ಬಾಯಿಗೆ ಬರಲು ಹೊತ್ತು ಹಿಡಿಯುತ್ತಿದೆ. ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಅರ್ಧ ಉತ್ತರ ಇದೇ. ಇನ್ನರ್ಧಕ್ಕೆ ಆ ರಿಪೋರ್ಟನ್ನು ಬಿಡಿಸಿ ಹೇಳಬೇಕು.

ಇಇಜಿ ಅಂದರೆ ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ. ನಾನು ಅದನ್ನು ಓದಲು ಕಲಿತದ್ದು 1990ರ ದಶಕದಲ್ಲಿ. ಆಗ ಅದು ಕಾಗದದ ಮೇಲೆ ಬರುತ್ತಿತ್ತು. ಸಾಲಾಗಿ ಶಾಯಿ ಪೆನ್ನುಗಳು, ಕೆಳಗೆ ಓಡುವ ಮಡಿಕೆ ಕಾಗದ, ಕೋಣೆ ತುಂಬ ಕರಕರ ಸದ್ದು. ಕಾಗದ ಸೆಕೆಂಡಿಗೆ 3 ಸೆಂಟಿಮೀಟರ್ ಓಡುತ್ತಿತ್ತು. ಆ 3 ಸೆಂಟಿಮೀಟರಿನೊಳಗೆ ಎಷ್ಟು ಏರಿಳಿತ ಇದೆ ಅಂತ ಪೆನ್ಸಿಲ್ ತುದಿಯಿಂದ ಎಣಿಸುವುದನ್ನು ಹಿರಿಯ ಟೆಕ್ನಿಷಿಯನ್ ಒಬ್ಬರು ನನಗೆ ಕಲಿಸಿದರು. ಈಗ ಕಂಪ್ಯೂಟರ್ ಎಣಿಸುತ್ತದೆ. ಎಣಿಸುವುದು ಅದನ್ನೇ.

ಎಚ್ಚರವಾಗಿದ್ದು, ಕಣ್ಣು ಮುಚ್ಚಿ ಆರಾಮಾಗಿ ಕೂತವರ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಅಲೆ ಸಿಗುತ್ತದೆ. ಇದಕ್ಕೆ ಆಲ್ಫಾ ಅಂತ ಹೆಸರು. ಮನುಷ್ಯನ ಮೆದುಳಿನ ಅಲೆಯನ್ನು 1924ರಲ್ಲಿ ಮೊದಲು ಹಿಡಿದ ಜರ್ಮನಿಯ ಹಾನ್ಸ್ ಬರ್ಗರ್ ಇಟ್ಟ ಹೆಸರು ಅದು. ಸೆಕೆಂಡಿಗೆ 4ರಿಂದ 8 ಇದ್ದರೆ ಥೀಟಾ. ಅದಕ್ಕಿಂತ ಕಡಿಮೆ ಇದ್ದರೆ ಡೆಲ್ಟಾ. ಗಾಢ ನಿದ್ದೆಯಲ್ಲಿ ಡೆಲ್ಟಾ ನಮಗೆಲ್ಲ ಬರುತ್ತದೆ, ಅದರಲ್ಲಿ ತಪ್ಪೇನಿಲ್ಲ.

ಪಾರ್ಕಿನ್ಸನ್ ಜೊತೆ ಯೋಚನೆಯ ತೊಂದರೆಯೂ ಸೇರಿಕೊಂಡಾಗ, ಎಚ್ಚರವಾಗಿದ್ದಾಗಲೇ ಈ ಹಿಂಭಾಗದ ಲಯ ಇಳಿಯುತ್ತದೆ. 9, 10 ಇದ್ದದ್ದು 8ಕ್ಕೆ, 7ಕ್ಕೆ ಬರುತ್ತದೆ. ಆಲ್ಫಾ ಕಡಿಮೆಯಾಗಿ ಥೀಟಾ ಜಾಸ್ತಿ ಆಗುತ್ತದೆ. ನಿಮ್ಮ ರಿಪೋರ್ಟಿನಲ್ಲಿ ‘ನಿಧಾನ’ ಅಂದಿರುವುದು ಇದನ್ನೇ. ಇದು ಸುಮ್ನೆ ವಯಸ್ಸಿನ ಮಾತಲ್ಲ. ವಯಸ್ಸಾದಂತೆ ಆಲ್ಫಾ ಸ್ವಲ್ಪ ಇಳಿಯುವುದು ನಿಜ. ಆದರೂ ಆರೋಗ್ಯವಾಗಿರುವ 71ರವರಲ್ಲಿ ಅದು ಸಾಮಾನ್ಯವಾಗಿ 8ರ ಮೇಲೇ ಇರುತ್ತದೆ. ನಿಮ್ಮನ್ನು ಒಂದೇ ಮಾತಿನಲ್ಲಿ ಕಳಿಸಿದ್ದು ನನಗೆ ಬೇಸರ ತಂದಿತು.

ಹಾಗಂತ ಹೆದರಿಕೊಳ್ಳಬೇಡಿ. 2011ರಲ್ಲಿ ಅಮೆರಿಕದ ಅರಿಜೋನಾದ ವೈದ್ಯರು ಡಿಮೆನ್ಷಿಯಾ (ದಿನದ ಕೆಲಸಕ್ಕೇ ಅಡ್ಡಿಯಾಗುವಷ್ಟು ಮರೆವು, ಗೊಂದಲ) ಇಲ್ಲದ 106 ಪಾರ್ಕಿನ್ಸನ್ ರೋಗಿಗಳ ಇಇಜಿ ತೆಗೆದು, ಅವರನ್ನು ವರ್ಷಗಟ್ಟಲೆ ಗಮನಿಸಿದ್ದನ್ನು ಬರೆದರು. ಲಯ ಸೆಕೆಂಡಿಗೆ 8.5ಕ್ಕಿಂತ ಕೆಳಗಿದ್ದವರಿಗೆ ಮುಂದೆ ಡಿಮೆನ್ಷಿಯಾ ಬರುವ ಅಪಾಯ, ಮೇಲಿದ್ದವರಿಗಿಂತ 13 ಪಟ್ಟು ಜಾಸ್ತಿ ಇತ್ತು. ದೊಡ್ಡ ಅಂತರವೇ. ಆದರೆ ಇದು ಗುಂಪಿನ ಲೆಕ್ಕ. ಒಬ್ಬರ ಒಂದು ದಿನದ ಕಾಗದ ಹಿಡಿದು ಹಣೆಬರಹ ಓದಲು ಆಗುವುದಿಲ್ಲ. ಹಿಂದಿನ ರಾತ್ರಿ ನಿದ್ದೆ ಕೆಟ್ಟು, ಪರೀಕ್ಷೆ ನಡೆಯುವಾಗ ತೂಕಡಿಸಿದರೂ ಅಲೆ ನಿಧಾನವಾಗುತ್ತದೆ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಥೈರಾಯ್ಡ್, ಬಿ12 ಕೊರತೆ, ಮಂಪರು ತರುವ ಮಾತ್ರೆ, ಇವುಗಳಲ್ಲಿ ಯಾವುದರಿಂದಲೂ ಹೀಗೆ ಆಗಬಹುದು. ಇವೆಲ್ಲ ಸರಿ ಮಾಡಬಹುದಾದವು.

ಇನ್ನು ಪಾರ್ಕಿನ್ಸನ್‌ನಿಂದಲೇ ಅಲೆ ಇಳಿಯುವುದು ಯಾಕೆ? ಈ ಕಾಯಿಲೆ ಅಂದ ಕೂಡಲೇ ಎಲ್ಲರೂ ಡೋಪಮೈನ್ ಅನ್ನುತ್ತಾರೆ. ಕೈಕಾಲಿನ ಚಲನೆಗೆ ಅದು ಬೇಕು. ನಿಮ್ಮವರ ಮಾತ್ರೆ ಅದನ್ನೇ ತುಂಬುತ್ತದೆ, ಅದಕ್ಕೇ ನಡುಕ ಹಿಡಿತಕ್ಕೆ ಬಂತು. ಆದರೆ ಮೆದುಳಿನ ತಳದಲ್ಲಿ ಇನ್ನೊಂದು ಜೀವಕೋಶಗಳ ಗುಂಪು ಇದೆ. ಅಲ್ಲಿಂದ ಮೆದುಳಿನ ಹೊರಪದರಕ್ಕೆಲ್ಲ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಹೋಗುತ್ತದೆ. ಎಚ್ಚರವಾಗಿರುವುದು, ಗಮನ ಕೊಡುವುದು ಇದರ ಬಲದಿಂದ. ಆಲ್ಫಾ–ಸಿನ್ಯೂಕ್ಲೀನ್ ಅನ್ನುವ ಪ್ರೋಟೀನ್ ಗಂಟುಗಂಟಾಗಿ ಕೂತು ಡೋಪಮೈನ್ ಕೋಶಗಳನ್ನು ಕೆಡಿಸುವ ಹಾಗೆಯೇ ಇವನ್ನೂ ಕೆಡಿಸುತ್ತದೆ. ಅಸಿಟೈಲ್‌ಕೋಲಿನ್ ಕಡಿಮೆಯಾದಷ್ಟೂ ಅಲೆ ನಿಧಾನ, ಗಮನ ಸಡಿಲ. ಡೋಪಮೈನ್ ಮಾತ್ರೆ ಈ ಕಡೆಯ ಕೊರತೆಯನ್ನು ತುಂಬುವುದಿಲ್ಲ. ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಕಾಫಿ ತಪ್ಪುತ್ತಿರುವುದು ಇದಕ್ಕೇ.

ಈಗ ನಿಮ್ಮ ಅಡುಗೆಮನೆಯ ವಿಷಯ. ನನಗೆ ಈ ಕಾಯಿಲೆಯಲ್ಲಿ ಅತಿ ಮುಖ್ಯ ಅನ್ನಿಸುವುದು ಇದು. ಸುಮ್ನೆ ಕೂತಾಗ ಇವರಲ್ಲಿ ನಿಧಾನ ಅಲೆ ಜಾಸ್ತಿ ಇರುತ್ತದೆ ಅಂದೆನಲ್ಲ. ಆದರೆ ಏನಾದರೂ ಮಾಡಬೇಕಾಗಿ ಬಂದಾಗ ಏಳಬೇಕಾದ ನಿಧಾನ ಅಲೆ ಒಂದಿದೆ. ಅದು ಮಾತ್ರ ಕಡಿಮೆ ಇರುತ್ತದೆ! ಹಣೆಯ ಮೇಲೆ, ನೆತ್ತಿಯ ಮುಂದೆ, ನಡುಗೆರೆಯಲ್ಲಿ ಅದು ಕಾಣುತ್ತದೆ. ಒಂದು ಸೂಚನೆ ಬಂದ ಕ್ಷಣದಲ್ಲಿ, ಸೆಕೆಂಡಿನ ಒಂದು ಭಾಗದಷ್ಟು ಹೊತ್ತು, ಸೆಕೆಂಡಿಗೆ 1ರಿಂದ 8ರ ಲೆಕ್ಕದ ಅಲೆ ಅಲ್ಲಿ ಎದ್ದು ಇಳಿಯಬೇಕು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಇದನ್ನು ಹಲವು ವರ್ಷಗಳಿಂದ ಅಳೆಯುತ್ತಿದ್ದಾರೆ. ಪಾರ್ಕಿನ್ಸನ್ ಇದ್ದವರಲ್ಲಿ ಯೋಚನೆಯ ತೊಂದರೆ ಜಾಸ್ತಿ ಇದ್ದಷ್ಟೂ ಆ ಅಲೆ ಸಣ್ಣದು ಅಂತ ಅವರಿಗೆ ಕಂಡಿದೆ.

ನಿಮ್ಮ ಕಡೆ ಭಜನೆ ಮಂಡಳಿಗಳು ಬಹಳ. ಹೊಸ ಪದ ಶುರುವಾಗುವಾಗ ತಾಳದವರು ಒಮ್ಮೆ ಗಟ್ಟಿಯಾಗಿ ತಟ್ಟುತ್ತಾರೆ, ನೋಡಿರುತ್ತೀರಿ. ಆ ಒಂದು ಪೆಟ್ಟಿಗೆ ಹಾರ್ಮೋನಿಯಂ, ಮೃದಂಗ, ಇಪ್ಪತ್ತು ಕಂಠ ಎಲ್ಲ ಒಟ್ಟಿಗೆ ಏಳುತ್ತವೆ. ಹಣೆಯ ನಡುವಿನ ಆ ಅಲೆ ಆ ತಾಳದ ಪೆಟ್ಟು. ನಿಮ್ಮವರ ಮಂಡಳಿಯಲ್ಲಿ ಹಾಡು ಗೊತ್ತಿರುವವರು ಇದ್ದಾರೆ. ಪೆಟ್ಟು ಮೆತ್ತಗಾಗಿದೆ. ಪುಡಿ ಹಾಕಿದ್ದಾಯಿತು, ಈಗ ನೀರು ಅನ್ನುವ ಪೆಟ್ಟು ಬೀಳಲಿಲ್ಲ. ನಿಂತುಬಿಟ್ಟರು.

ಹಾಗಾದರೆ ಹೊರಗಿನಿಂದ ನೀವು ತಟ್ಟಬಹುದು. ಇದು ಕೆಲಸ ಮಾಡುತ್ತದೆ, ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆಲ್ಝೈಮರ್ಸ್‌ನಲ್ಲಿ ‘ನಿನ್ನೆ ಯಾರು ಬಂದಿದ್ದರು?’ ಅಂದರೆ, ‘ಮೈಸೂರಿನಿಂದ’ ಅಂತ ಸುಳಿವು ಕೊಟ್ಟರೂ ಬಹಳ ಸಲ ಬರುವುದಿಲ್ಲ. ಅದು ಒಳಗೆ ಕೂತೇ ಇರುವುದಿಲ್ಲ. ಪಾರ್ಕಿನ್ಸನ್‌ನ ಮೊದಲ ಹಂತಗಳಲ್ಲಿ ಸುಳಿವು ಕೊಟ್ಟರೆ ಬಹಳ ಸಲ ಬರುತ್ತದೆ. ಫಿಲ್ಟರ್, ಪುಡಿ ಡಬ್ಬಿ, ನೀರಿನ ಪಾತ್ರೆ, ಹಾಲು, ಇವನ್ನು ಎಡದಿಂದ ಬಲಕ್ಕೆ ಸಾಲಾಗಿ ಇಡಿ. ಗೋಡೆಗೆ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಬರೆದು ಅಂಟಿಸಿ. ಅವರು ನಿಂತರೆ ‘ನೀರು ಕಾಯಿತಾ?’ ಅಂತ ಒಂದೇ ಮಾತು ಕೇಳಿ, ಸುಮ್ಮನಾಗಿ. ಕಾಫಿ ಕೆಲಸವನ್ನು ಮಾತ್ರ ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ಒಲೆಯ ಹತ್ತಿರ ನೀವು ನಿಂತಿದ್ದರೆ ಸಾಕು.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಎಣಿಸುವಾಗ ಎರಡನೇ ಪ್ರಶ್ನೆ ಕೇಳಬೇಡಿ, ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲೂ ಕೇಳಬೇಡಿ. ಹೊಸ ಮಾತು ಬಿದ್ದರೆ ಅವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಟಿವಿ ನಿಲ್ಲಿಸಿ ಕೇಳಿ. ಹೂವಿನವಳ ದುಡ್ಡನ್ನು ಮನೆಯಲ್ಲೇ ಎಣಿಸಿ ಅವರ ಜೇಬಿಗೆ ಹಾಕಿ. ಕೊಡುವುದು ಅವರೇ ಕೊಡಲಿ.

ಬೀರು ಪಕ್ಕದ ಮಗು ದೆವ್ವವೂ ಅಲ್ಲ, ಹುಚ್ಚೂ ಅಲ್ಲ. ಈ ಕಾಯಿಲೆಯಲ್ಲಿ ಮಕ್ಕಳು, ಬೆಕ್ಕು, ನಾಯಿ ಕಾಣುವುದು ಬಹಳ ಜನಕ್ಕೆ ಇದೆ. ಮಂದ ಬೆಳಕಿನಲ್ಲಿ ಜಾಸ್ತಿ. ರಾತ್ರಿ ಒಂದು ಸಣ್ಣ ದೀಪ ಹಾಕಿಡಿ, ಕಣ್ಣಿನ ಪೊರೆ ಇದೆಯಾ ನೋಡಿಸಿ. ‘ಎಲ್ಲಿದೆ ಮಗು, ತೋರಿಸಿ ನೋಡೋಣ’ ಅಂತ ವಾದಕ್ಕೆ ಇಳಿಯಬೇಡಿ. ಆದರೆ ಇದನ್ನು ಡಾಕ್ಟರಿಗೆ ಹೇಳಲೇಬೇಕು. ಎಷ್ಟೋ ಮನೆಯವರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಒಂದು ಎಚ್ಚರಿಕೆ ಇದೆ. ಇಂಥ ಭ್ರಮೆಗೆ ಯಾರಾದರೂ ಹ್ಯಾಲೋಪೆರಿಡಾಲ್ ಬರೆದರೆ ‘ಇವರಿಗೆ ಪಾರ್ಕಿನ್ಸನ್ ಇದೆ’ ಅಂತ ತಕ್ಷಣ ಹೇಳಿ. ಅದು ಕೈಕಾಲು ಬಿಗಿಯುವಂತೆ ಮಾಡುತ್ತದೆ. ಇವರಿಗೆ ಹೊಂದುವ ಔಷಧಿಗಳು ಬೇರೆ ಇವೆ.

ಈಗ ನಿಮ್ಮ ಮನೆಯ ಮಾತ್ರೆ ಡಬ್ಬಿ. ಇಲ್ಲಿ ನನ್ನ ಮನೆಯದೇ ಒಂದು ಕಥೆ ಹೇಳಬೇಕು.

ನಮ್ಮಪ್ಪ ಚಿಕ್ಕಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಕಾಯಿಲೆ ಮೊದಲು ಕಾಣಿಸಿದ್ದು ಅವರ ಅಂಕಿಗಳಲ್ಲಿ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಅವು ಸಾಸಿವೆಯಷ್ಟಾಗುತ್ತಿದ್ದವು. ಅವರಿಗೆ 74 ಆದಾಗ, ನಡುಕ ಜಾಸ್ತಿ ಆಯಿತು ಅಂತ ಒಂದು ಆಸ್ಪತ್ರೆಯಲ್ಲಿ ಟ್ರೈಹೆಕ್ಸಿಫೆನಿಡಿಲ್ ಡೋಸ್ ಏರಿಸಿದರು. ಹಳೆಯ ಮಾತ್ರೆ, ಅಗ್ಗ, ನಡುಕಕ್ಕೆ ಒಳ್ಳೆಯದೇ. ಆದರೆ ಅದು ಕೆಲಸ ಮಾಡುವುದೇ ಅಸಿಟೈಲ್‌ಕೋಲಿನ್ ಅನ್ನು ತಡೆದು. ಮೊದಲೇ ಕಡಿಮೆ ಇರುವುದನ್ನು ಇನ್ನೂ ತಡೆದ ಹಾಗೆ. ಎರಡು ತಿಂಗಳಲ್ಲಿ ಅಪ್ಪ ಮಧ್ಯಾಹ್ನ ಯಾವುದು, ರಾತ್ರಿ ಯಾವುದು ಅಂತ ಕೇಳಲು ಶುರು ಮಾಡಿದರು. ಅಮ್ಮನನ್ನು ತಮ್ಮ ಅಕ್ಕನ ಹೆಸರಿನಿಂದ ಕರೆದರು. ಕಾಯಿಲೆ ಬೆಳೆಯಿತು ಅಂದುಕೊಂಡೆ. ದಿನಾ ಬೇರೆಯವರ ಚೀಟಿ ನೋಡುವವಳು ನಾನು. ಅಪ್ಪನ ಡಬ್ಬಿ ತೆಗೆದು ನೋಡಲು ಮೂರು ತಿಂಗಳು ತೆಗೆದುಕೊಂಡೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿ ಅದನ್ನು ನಿಲ್ಲಿಸಿದೆವು. ನಡುಕ ಕೊಂಚ ಜಾಸ್ತಿ ಆಯಿತು. ಆದರೆ ಒಂದು ಸಂಜೆ ಅಪ್ಪ ನನ್ನನ್ನು ಕರೆದು, ‘ಈ ತಿಂಗಳ ಕರೆಂಟ್ ಬಿಲ್ ಕಟ್ಟಿದ್ಯಾ?’ ಅಂದರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವರ ಕಾಯಿಲೆ ವಾಸಿಯಾಗಲಿಲ್ಲ. ನಾಲ್ಕು ವರ್ಷದ ಮೇಲೆ ನಿಜವಾದ ಮರೆವು ಬಂತು. ಆ ನಾಲ್ಕು ವರ್ಷ ನಮಗೆ ಸಿಕ್ಕಿತು.

ಆದ್ದರಿಂದ ಅಮ್ಮ, ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ನಿಮ್ಮ ನರರೋಗ ತಜ್ಞರ ಹತ್ತಿರ ಹೋಗಿ. ನಿದ್ದೆಗೆ, ನೆಗಡಿಗೆ, ಪದೇ ಪದೇ ಮೂತ್ರ ಹೋಗುವುದಕ್ಕೆ ಕೊಟ್ಟವನ್ನೂ ಸೇರಿಸಿ. ಅವುಗಳಲ್ಲೂ ಕೆಲವು ಇದೇ ಕೆಲಸ ಮಾಡುತ್ತವೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ, ದಿಢೀರ್ ಅಂತ ನಿಲ್ಲಿಸಿದರೆ ಬೇರೆ ಅಪಾಯ. ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಎಲ್ಲ ಸರಿಯಿದ್ದೂ ತೊಂದರೆ ಉಳಿದರೆ ರಿವಾಸ್ಟಿಗ್ಮಿನ್ ಬಗ್ಗೆ ಕೇಳಿ. ಇರುವ ಅಸಿಟೈಲ್‌ಕೋಲಿನ್ ಬೇಗ ಕರಗದಂತೆ ಅದು ತಡೆಯುತ್ತದೆ. ಪಾರ್ಕಿನ್ಸನ್ ಡಿಮೆನ್ಷಿಯಾ ಇದ್ದ 541 ಜನರ ಮೇಲೆ ನಡೆದ ಪರೀಕ್ಷೆ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಾಧಾರಣ ಮಟ್ಟದ ಪ್ರಯೋಜನ ಕಂಡಿತು. ಕ್ಯಾಪ್ಸೂಲ್ ಇದೆ, ಚರ್ಮಕ್ಕೆ ಅಂಟಿಸುವ ಪ್ಯಾಚ್ ಇದೆ. ವಾಕರಿಕೆ ಬರಬಹುದು, ನಡುಕ ಸ್ವಲ್ಪ ಏರಬಹುದು, ಹೃದಯದ ಬಡಿತ ಇಳಿಯಬಹುದು. ಮೊದಲು ಇಸಿಜಿ ಮಾಡಿಸುವುದು ಒಳ್ಳೆಯದು.

ಪ್ರಶ್ನೆ: ನನಗೆ 58. ಬ್ಯಾಂಕಿನಲ್ಲಿ ಅಧಿಕಾರಿ. ಪಾರ್ಕಿನ್ಸನ್ ಅಂತ ಗೊತ್ತಾಗಿ 3 ವರ್ಷ. ಕೆಲಸಕ್ಕೆ ಹೋಗುತ್ತಿದ್ದೇನೆ. ಮೆದುಳಿನ ಅಲೆ, ಪೆಟ್ ಸ್ಕ್ಯಾನ್ ನೋಡಿ ಮುಂದೆ ಡಿಮೆನ್ಷಿಯಾ ಬರುತ್ತಾ ಅಂತ ಹೇಳಬಹುದಂತೆ. ಮಗಳ ಮದುವೆ ಇದೆ, ಮನೆ ಸಾಲ ಇದೆ. ಎಷ್ಟು ಖರ್ಚಾದರೂ ಸರಿ, ಮಾಡಿಸಲೇ?
ಓದುಗರು, ವಿಜಯನಗರ

ಉತ್ತರ: ಸರ್, ಸದ್ಯಕ್ಕೆ ಬೇಡ. ಸಕ್ಕರೆ ಅಂಶ ಬಳಸಿ ಮಾಡುವ ಪೆಟ್ ಸ್ಕ್ಯಾನಿನಲ್ಲಿ, ಯೋಚನೆಯ ತೊಂದರೆ ಇರುವವರ ಮೆದುಳಿನ ಮುಂಭಾಗ ಮತ್ತು ಮೇಲ್ಭಾಗ ಕಡಿಮೆ ಚುರುಕಾಗಿ ಕಾಣುವುದು ನಿಜ. ಸಂಶೋಧನೆಗೆ ಅದು ಬೇಕು. ತೊಂದರೆಯೇ ಇಲ್ಲದ ನಿಮ್ಮೊಬ್ಬರ ಭವಿಷ್ಯವನ್ನು ಅದು ಹೇಳುವುದಿಲ್ಲ. ಏನಾದರೂ ಮಸುಕಾಗಿ ಕಂಡರೆ ನಿಮ್ಮ ನಿದ್ದೆ ಹೋಗುತ್ತದೆ ಅಷ್ಟೇ.

ನೀವು ಓದಿರಬಹುದಾದ ಭಯದ ಅಂಕಿ ನನಗೂ ಗೊತ್ತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೋಗಿಗಳನ್ನು 20 ವರ್ಷ ಗಮನಿಸಿದರು. ಅಷ್ಟು ವರ್ಷ ಬದುಕುಳಿದವರಲ್ಲಿ 100ಕ್ಕೆ 83 ಜನರಿಗೆ ಡಿಮೆನ್ಷಿಯಾ ಇತ್ತು. ಎಲ್ಲ ಕಡೆ ಇದನ್ನೇ ಎತ್ತಿ ಹೇಳುತ್ತಾರೆ. ಆದರೆ 2024ರಲ್ಲಿ ಬಂದ ಅಮೆರಿಕದ ಲೆಕ್ಕ ಬೇರೆಯೇ ಇದೆ. ಕಾಯಿಲೆ ಗೊತ್ತಾದ ಹೊಸದರಲ್ಲೇ ಅಧ್ಯಯನಕ್ಕೆ ಸೇರಿದವರಲ್ಲಿ 10 ವರ್ಷಕ್ಕೆ ಡಿಮೆನ್ಷಿಯಾ ಬರುವ ಸಂಭವ 100ಕ್ಕೆ ಸುಮಾರು 9. ಪೆನ್ಸಿಲ್ವೇನಿಯಾದ ಇನ್ನೊಂದು ಗುಂಪಿನಲ್ಲಿ, ಕಾಯಿಲೆ ಗೊತ್ತಾಗಿ 10 ವರ್ಷಕ್ಕೆ 27. ಮೊದಲ ಗುಂಪಿನವರು ಹೆಚ್ಚು ಓದಿದವರು, ಆರೋಗ್ಯದಲ್ಲೂ ಗಟ್ಟಿ ಇದ್ದವರು. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೀವು 58ರಲ್ಲಿದ್ದೀರಿ, ಕೆಲಸ ಮಾಡುತ್ತಿದ್ದೀರಿ. ಇವೆರಡೂ ನಿಮ್ಮ ಪರವಾಗಿವೆ.

ಮಾಡಿಸಲೇಬೇಕಾದ ಪರೀಕ್ಷೆ ಒಂದಿದೆ, ಅದಕ್ಕೆ ಯಂತ್ರ ಬೇಡ. ಮೋಕಾ ಅನ್ನುತ್ತಾರೆ, 30 ಅಂಕದ್ದು. ಗಡಿಯಾರ ಬರೆಯುವುದು, ಐದು ಪದ ನೆನಪಿಡುವುದು, 100ರಿಂದ ಏಳೇಳು ಕಳೆಯುವುದು, ಹೀಗೆ. ಕಾಗದ, ಪೆನ್ನು, ಹತ್ತು–ಹದಿನೈದು ನಿಮಿಷ ಸಾಕು. ಕನ್ನಡದಲ್ಲೇ ಇದೆ. ಕನ್ನಡದಲ್ಲಿ ಯೋಚಿಸುವವರಿಗೆ ಇಂಗ್ಲಿಷಿನಲ್ಲಿ ಪರೀಕ್ಷೆ ಕೊಟ್ಟು ಅಂಕ ಕಳೆಯುವುದನ್ನು ನಾನು ನೋಡಿದ್ದೇನೆ, ಅದು ಅನ್ಯಾಯ. ಈಗ ಒಮ್ಮೆ ಮಾಡಿಸಿ, ಅಂಕ ಬರೆದಿಡಿ. ವರ್ಷಕ್ಕೊಮ್ಮೆ ಹೋಲಿಸಿ. ನಿಮ್ಮ ಇವತ್ತಿನ ಅಂಕದ ಪಕ್ಕ ಮುಂದಿನ ವರ್ಷದ ಅಂಕ ಇಟ್ಟು ನೋಡಿದರೆ ಒಂದು ದುಬಾರಿ ಸ್ಕ್ಯಾನಿಗಿಂತ ಜಾಸ್ತಿ ಗೊತ್ತಾಗುತ್ತದೆ.

ಕನಸಿನಲ್ಲಿ ಕೂಗುವುದು, ಕೈಕಾಲು ಬೀಸುವುದು ಇದೆಯಾ ಅಂತ ನಿಮ್ಮ ಮನೆಯವರನ್ನು ಕೇಳಿ. ಎದ್ದು ನಿಂತ ಕೂಡಲೇ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದಾ ನೋಡಿ. ಇವೆರಡೂ ಮುಂದಿನ ಮರೆವಿನ ಜೊತೆ ನಂಟು ಇರುವ ಲಕ್ಷಣಗಳು. ಎರಡಕ್ಕೂ ಚಿಕಿತ್ಸೆ ಇದೆ. ಸ್ಕ್ಯಾನಿನ ದುಡ್ಡಿನಲ್ಲಿ ಒಳ್ಳೆಯ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ, ಬೆವರು ಬರುವಂತೆ ವ್ಯಾಯಾಮ ಮಾಡುವುದನ್ನು ಕಲಿಯಿರಿ. ಚಲನೆಗೆ ಅದು ಖಂಡಿತ ಒಳ್ಳೆಯದು. ಯೋಚನೆಗೂ ಸ್ವಲ್ಪ ಸಹಾಯ ಆಗುವಂತೆ ಕಾಣುತ್ತದೆ.

ಸಾಲ, ಮದುವೆ ಬಗ್ಗೆ ಬರೆದಿರಿ. ವಿಲ್ ಬರೆಸುವುದು, ಖಾತೆಗಳಿಗೆ ನಾಮಿನಿ ಹಾಕುವುದು ಈ ವರ್ಷವೇ ಮುಗಿಸಿ. ಕಾಯಿಲೆ ಇಲ್ಲದ 58ರವರಿಗೂ ನಾನು ಇದನ್ನೇ ಹೇಳುತ್ತೇನೆ.

ಪ್ರಶ್ನೆ: ಅಮ್ಮನಿಗೆ ಪಾರ್ಕಿನ್ಸನ್, ಸ್ವಲ್ಪ ಮರೆವೂ ಇದೆ. ನೆಂಟರು ನಸುಗುನ್ನಿ ಬೀಜದ ಪುಡಿ, ಒಂದೆಲಗದ ರಸ ಕೊಡಿ ಅಂತಾರೆ. ಡಾಕ್ಟರಿಗೆ ಹೇಳಿದರೆ ಬೈತಾರೇನೋ ಅಂತ ಭಯ.
ಓದುಗರು, ಯಲಹಂಕ

ಉತ್ತರ: ಹೇಳಿ, ಬೈಯುವುದಿಲ್ಲ. ಬೈದರೂ ಹೇಳಿ. ನಸುಗುನ್ನಿ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ, ಅಮ್ಮನ ಮಾತ್ರೆಯಲ್ಲಿ ಇರುವುದೂ ಅದೇ. ಅದಕ್ಕೇ ಹುಷಾರಾಗಿರಬೇಕು. ಮಾತ್ರೆಯ ಜೊತೆ ಪುಡಿಯೂ ಸೇರಿದರೆ ಡೋಸ್ ಎಷ್ಟಾಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಜಾಸ್ತಿಯಾದರೆ ವಾಕರಿಕೆ, ಬಿಪಿ ಇಳಿಯುವುದು, ಮೈ ತಾನಾಗಿ ಬಳುಕುವುದು, ಇಲ್ಲದ್ದು ಕಾಣುವುದು ಶುರುವಾಗುತ್ತದೆ. ಮರೆವು ಇರುವವರಿಗೆ ಈ ಭ್ರಮೆ ಇನ್ನೂ ಬೇಗ ಬರುತ್ತದೆ. ಮರೆವಿಗೆ ಆ ಪುಡಿಯಿಂದ ಲಾಭವೂ ಇಲ್ಲ. ಒಂದೆಲಗದ ಚಟ್ನಿ, ತಂಬುಳಿ ಊಟಕ್ಕೆ ಹಾಕಿ, ಸಂತೋಷವಾಗಿ ತಿನ್ನಲಿ.

ನೀವು ಕೇಳದ ಒಂದು ವಿಷಯ. ಲೆವೊಡೋಪಾ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಕೊಡಿ. ಬೇಳೆ, ಮೊಸರು, ಮೊಟ್ಟೆಯ ಪ್ರೋಟೀನ್ ಅದನ್ನು ಒಳಗೆ ಹೋಗಲು ಬಿಡದೆ ಪೈಪೋಟಿ ಮಾಡುತ್ತದೆ. ಬಿ12 ಪರೀಕ್ಷೆಯನ್ನೂ ಮಾಡಿಸಿ. ಬರೀ ಸಸ್ಯಾಹಾರ ತಿನ್ನುವವರಲ್ಲಿ ಅದು ಕಡಿಮೆ ಇರುತ್ತದೆ. ಲೆವೊಡೋಪಾ ವರ್ಷಗಟ್ಟಲೆ ತೆಗೆದುಕೊಂಡವರಲ್ಲೂ ಕಡಿಮೆ ಇರುವುದು ಕಂಡಿದೆ.

ಪ್ರಶ್ನೆ: ಡಾಕ್ಟರ್ ಆಂಟಿ, ನಾನು 9ನೇ ಕ್ಲಾಸ್. ತಾತನಿಗೆ ಪಾರ್ಕಿನ್ಸನ್ ಇದೆ. ಸಂಜೆ ನಾನೇ ಸ್ಯಾಂಕಿ ಕೆರೆಗೆ ವಾಕಿಂಗ್ ಕರೆದುಕೊಂಡು ಹೋಗ್ತೀನಿ. ನಡೆಯುವಾಗ ಕ್ರಿಕೆಟ್ ಸ್ಕೋರ್ ಹೇಳಿದರೆ ತಾತ ಅಲ್ಲೇ ನಿಂತುಬಿಡ್ತಾರೆ. ಮನೆಯಲ್ಲಿ ಚೌಕಾಬಾರ ಆಡುವಾಗ ಅವರ ಸರದಿ ಬಂದಿದ್ದು ಗೊತ್ತಾಗಲ್ಲ. ಅವರ ಮೆದುಳಲ್ಲಿ ಏನಾಗಿದೆ? ನಾನು ಬೇಕಂತ ಸೋಲಬೇಕಾ? ಆಟ ನಿಲ್ಲಿಸಬೇಕಾ?
ಓದುಗ, ಮಲ್ಲೇಶ್ವರ

ಉತ್ತರ: ಮಗೂ, ನಿನ್ನ ಪತ್ರ ಓದಿ ನನಗೆ ತುಂಬಾ ಸಂತೋಷವಾಯಿತು. ತಾತ ನಿಂತುಬಿಡುವುದನ್ನು ನೀನು ಗಮನಿಸಿದೆಯಲ್ಲ, ಅದನ್ನೇ ನಾವು ಆಸ್ಪತ್ರೆಯಲ್ಲಿ ಪರೀಕ್ಷೆ ಅಂತ ಮಾಡುತ್ತೇವೆ. ನಿನಗೆ ನಡೆಯಲು ಯೋಚನೆ ಬೇಡ, ಕಾಲು ತಾನಾಗಿ ಹೋಗುತ್ತದೆ. ತಾತನಿಗೆ ಆ ತಾನಾಗಿ ನಡೆಯುವ ಏರ್ಪಾಡು ಕೆಟ್ಟಿದೆ. ಒಂದೊಂದು ಹೆಜ್ಜೆಗೂ ಮೆದುಳಿನ ಮುಂಭಾಗ ಗಮನ ಕೊಡಬೇಕು. ಸ್ಕೋರ್ ಕೇಳಲೂ ಅದೇ ಮುಂಭಾಗ ಬೇಕು. ಎರಡೂ ಒಟ್ಟಿಗೆ ಆಗದೆ ಕಾಲು ನಿಲ್ಲುತ್ತದೆ. ಬೀಳುವುದೂ ಇಂಥ ಹೊತ್ತಿನಲ್ಲೇ. ಹಾಗಾಗಿ ಫುಟ್‌ಪಾತಿನ ಚಪ್ಪಡಿ ಎದ್ದಿರುವ ಕಡೆ, ರಸ್ತೆ ದಾಟುವಾಗ ಮಾತು ಬೇಡ. ಕೆರೆಯ ಹತ್ತಿರ ಬೆಂಚಿನ ಮೇಲೆ ಕೂತು ಪೂರ್ತಿ ಸ್ಕೋರ್ ಹೇಳು. ಕಾಲು ಅಂಟಿಕೊಂಡರೆ ಎಳೆಯಬೇಡ. ‘ತಾತ, ಈ ಗೆರೆ ದಾಟಿ’ ಅಂತ ನೆಲದ ಮೇಲಿನ ಒಂದು ಗೆರೆ ತೋರಿಸು.

ಏನಾಗಿದೆ ಅಂತ ಕೇಳಿದೆ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಅನ್ನುವ ವೈದ್ಯರು 1817ರಲ್ಲಿ ಈ ಕಾಯಿಲೆ ಬಗ್ಗೆ ಮೊದಲು ವಿವರವಾಗಿ ಬರೆದರು. ಅವರು ಬರೆದದ್ದು ಆರು ಜನರ ಬಗ್ಗೆ. ಅದರಲ್ಲಿ ಕೆಲವರನ್ನು ಬೀದಿಯಲ್ಲೇ ನೋಡಿದ್ದರು. ಬುದ್ಧಿಗೆ ಏನೂ ಆಗುವುದಿಲ್ಲ ಅಂತ ಬರೆದುಬಿಟ್ಟರು. ಬಹಳ ಕಾಲ ಎಲ್ಲರೂ ಅದನ್ನೇ ನಂಬಿದರು. ನಿನ್ನ ಹಾಗೆ ದಿನಾ ಜೊತೆಯಲ್ಲಿ ಇದ್ದು ನೋಡಿದವರಿಗೆ ಮಾತ್ರ ಅದು ಪೂರ್ತಿ ನಿಜ ಅಲ್ಲ ಅಂತ ಗೊತ್ತಾಗುತ್ತಿತ್ತು. ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ, ಸಾರ್ವಜನಿಕರಿಗೂ ತೋರಿಸುತ್ತಾರೆ. ಅಪ್ಪ ಅಮ್ಮನ ಜೊತೆ ಒಮ್ಮೆ ಹೋಗು. ಆರೋಗ್ಯವಾಗಿರುವ ಮೆದುಳಿನ ನಡುವೆ ಕಾಡಿಗೆ ಗೆರೆ ಎಳೆದ ಹಾಗೆ ಒಂದು ಕಪ್ಪು ಪಟ್ಟಿ ಇರುತ್ತದೆ. ಪಾರ್ಕಿನ್ಸನ್ ಬಂದವರಲ್ಲಿ ಅದು ಬಿಳಿಚಿಕೊಂಡಿರುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಅಲ್ಲಿರುವವರನ್ನು ಇದರ ಬಗ್ಗೆ ಕೇಳು, ಹೇಳುತ್ತಾರೆ.

ಆಟ ನಿಲ್ಲಿಸಬೇಡ. ಅವರ ಸರದಿ ಬಂದಾಗ ‘ತಾತ, ನೀವು’ ಅಂತ ಹೇಳಿ ಕವಡೆಯನ್ನು ಅವರ ಕೈಗೇ ಕೊಡು. ಕಾಯಿ ನಡೆಸುವುದನ್ನು ಅವರಿಗೇ ಬಿಡು, ಎಷ್ಟು ಹೊತ್ತಾದರೂ ಆಗಲಿ. ‘ಇದನ್ನು ನಡೆಸಿ’ ಅಂತ ಬೆರಳು ತೋರಿಸಬೇಡ. ಕೈ ನಡುಗಿ ಕವಡೆ ಮಂಚದ ಕೆಳಗೆ ಹಾರುತ್ತಿದ್ದರೆ ಒಂದು ಸ್ಟೀಲ್ ಲೋಟಕ್ಕೆ ಹಾಕಿ ಕೊಡು, ಅಲುಗಿಸಿ ಸುರಿಯಲಿ. ಬೇಕಂತ ಸೋಲುವುದು ಬೇಡ. ಅವರಿಗೆ ಅದು ಗೊತ್ತಾಗುತ್ತದೆ, ಗೊತ್ತಾದದ್ದನ್ನು ಹೇಳಲು ತಡವಾಗುತ್ತದೆ ಅಷ್ಟೇ. ನಿನ್ನ ಕಾಯಿ ಅವರು ಹೊಡೆಯುವುದಾದರೆ ನಿಜವಾಗಿ ಹೊಡೆಯಲಿ. ದಸರಾ ರಜೆಯಲ್ಲಿ ಎಷ್ಟು ಆಟ ಆಯಿತು, ಯಾರು ಎಷ್ಟು ಗೆದ್ದರು ಅಂತ ನನಗೆ ಬರೆದು ತಿಳಿಸು.